ಊರು ಬಿಟ್ಟು ಬಂದ ಮಗಳಿಗೆ ಯಾವ ಪುಸ್ತಕ ಕೊಡಲಿ?

ಪ್ರಶ್ನೆ: ಯಜಮಾನರಿಗೆ ವರ್ಗ ಆಗಿ ನಾವು ಜೂನ್‌ನಲ್ಲಿ ಸುರಪುರದಿಂದ ಕಲಬುರಗಿಗೆ ಬಂದೆವು. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಅಲ್ಲಿ ಕನ್ನಡ ಶಾಲೆ, ಇಲ್ಲಿ ಇಂಗ್ಲಿಷ್ ಮೀಡಿಯಂ. ಅವಳ ಆಯಿ, ಅಂದರೆ ಅಜ್ಜಿ, ಅಲ್ಲೇ ಉಳಿದರು, ಜೀವದ ಗೆಳತಿಯೂ ಅಲ್ಲೇ. ಬಂದಾಗಿನಿಂದ ಮಾತು ಕಡಿಮೆ, ಸಣ್ಣ ಸಣ್ಣದಕ್ಕೂ ಸಿಟ್ಟು, ತಮ್ಮನಿಗೆ ಹೊಡೆಯುತ್ತಾಳೆ. ಭಾವನೆಗಳ ಬಗ್ಗೆ ಇರುವ ಎರಡು ಇಂಗ್ಲಿಷ್ ಪುಸ್ತಕ ಆನ್‌ಲೈನ್‌ನಲ್ಲಿ ತರಿಸಿ ಕೊಟ್ಟೆ. ಒಂದನ್ನು ಎರಡು ಪುಟ ನೋಡಿ ಮುಚ್ಚಿಟ್ಟಳು, ಇನ್ನೊಂದನ್ನು ಮುಟ್ಟಲೇ ಇಲ್ಲ. ಗೆಳೆತನ, ಬದಲಾವಣೆ ಇಂಥ ವಿಷಯಕ್ಕೆ ಕನ್ನಡದಲ್ಲಿ ಯಾವ ಪುಸ್ತಕ ಕೊಡಬೇಕು, ಹೇಗೆ ಓದಿಸಬೇಕು?

ಉತ್ತರ: ತಂಗಿ, ಪುಸ್ತಕದ ಹೆಸರು ಹೇಳುತ್ತೇನೆ. ಅದಕ್ಕೂ ಮೊದಲು ಆ ಎರಡು ಪುಸ್ತಕವನ್ನು ಅವಳು ಯಾಕೆ ಬದಿಗಿಟ್ಟಳು ಅನ್ನೋದನ್ನು ನೋಡೋಣ. ಅದು ಗೊತ್ತಾಗದೆ ಇನ್ನೂ ಹತ್ತು ತಂದರೆ ಆ ಹತ್ತೂ ಮೂಲೆ ಸೇರುತ್ತವೆ.

ಅಳೋ ಮುಖ, ಸಿಟ್ಟಿನ ಮುಖ, ನಗೋ ಮುಖ ಸಾಲಾಗಿ ಬರೆದಿರುವ ಪುಸ್ತಕವನ್ನು, ತಾನು ತಮ್ಮನಿಗೆ ಹೊಡೆದು ಬೈಸಿಕೊಂಡ ವಾರವೇ ಅವ್ವ ತಂದು ಕೈಯಲ್ಲಿಟ್ಟರೆ, ಇದು ನನ್ನನ್ನು ಸರಿ ಮಾಡಲಿಕ್ಕೆ ತಂದದ್ದು ಅಂತ ಏಳು ವರ್ಷದ ಹುಡುಗಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಬೆಲ್ಲದಲ್ಲಿ ಮಾತ್ರೆ ಮುಚ್ಚಿಟ್ಟು ಕೊಟ್ಟರೂ ಮಕ್ಕಳು ನಾಲಿಗೆಯಲ್ಲೇ ಹುಡುಕಿ ಉಗುಳುತ್ತಾರಲ್ಲ, ಹಾಗೆ. ಅವಳು ಪುಸ್ತಕ ಮುಚ್ಚಿಟ್ಟದ್ದು ಹಟ ಅಂತ ತಿಳಿಯಬೇಡಿ.

ನಾನೂ ಇದೇ ತಪ್ಪು ಮಾಡಿದ್ದೇನೆ. ಕಲಬುರಗಿಯಲ್ಲಿ ಮಕ್ಕಳ ಜೊತೆ ಕೂತು ಓದುವ ಕೆಲಸ ಶುರು ಮಾಡಿ ಹದಿನೆಂಟು ವರ್ಷ ಆಯಿತು. ಮೊದಲ ವರ್ಷಗಳಲ್ಲಿ ಒಬ್ಬ ಹುಡುಗ ಬರುತ್ತಿದ್ದ, ಒಂಬತ್ತು ವರ್ಷದವನು, ಅಪ್ಪ ತೀರಿಕೊಂಡು ತಿಂಗಳು ಕಳೆದಿರಲಿಲ್ಲ. ನಾನು ಕಷ್ಟಪಟ್ಟು ಸಾವಿನ ಬಗ್ಗೆ ಇರುವ ಚಿತ್ರಪುಸ್ತಕ ಹುಡುಕಿ ತಂದು ಅವನಿಗೆ ಕೊಟ್ಟೆ. ಮುಖಪುಟ ನೋಡಿದ. ಚಾಪೆಯ ಮೇಲೆ ಬೋರಲು ಹಾಕಿಟ್ಟ. ಆಮೇಲೆ ಎರಡು ವಾರ ಬರಲೇ ಇಲ್ಲ.

ಮತ್ತೆ ಬಂದಾಗ ನಾನು ಆ ಮಾತೇ ಎತ್ತಲಿಲ್ಲ. ಅವನು ತಾನಾಗಿ ಒಂದು ಟ್ರ್ಯಾಕ್ಟರಿನ ಪುಸ್ತಕ ತೆಗೆದುಕೊಂಡ. ಅದನ್ನೇ ದಿನಾ ಓದಿದೆವು, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಅದರಲ್ಲಿ ಒಂದು ಪುಟದಲ್ಲಿ ಬೇವಿನ ಮರದ ಕೆಳಗೆ ಟ್ರ್ಯಾಕ್ಟರ್ ನಿಂತಿದೆ, ಸೀಟಿನ ಮೇಲೆ ಯಾರೂ ಇಲ್ಲ. ಒಂದು ದಿನ ಆ ಖಾಲಿ ಸೀಟಿನ ಮೇಲೆ ಬೆರಳಿಟ್ಟು, 'ಇದನ್ನ ಹೊಡಿಯವ ಎಲ್ಲಿ ಹೋಗ್ಯಾನ?' ಅಂದ. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು, 'ನಮ್ಮಪ್ಪಗ ರಿವರ್ಸ್ ಭಾಳ ಛಲೋ ಬರ್ತಿತ್ತು' ಅಂದ. ಅವತ್ತು ಅಪ್ಪನ ಬಗ್ಗೆ ಅರ್ಧ ಗಂಟೆ ಮಾತಾಡಿದ. ಸಾವಿನ ಪುಸ್ತಕ ಮಾಡದ ಕೆಲಸವನ್ನು ಟ್ರ್ಯಾಕ್ಟರಿನ ಪುಸ್ತಕ ಮಾಡಿತು.

ಹಾಗಾಗಿ 'ಬದಲಾವಣೆಗೆ ಒಂದು ಪುಸ್ತಕ, ಸಿಟ್ಟಿಗೆ ಒಂದು ಪುಸ್ತಕ' ಅಂತ ಹುಡುಕೋದನ್ನು ಸದ್ಯಕ್ಕೆ ಬಿಡಿ. ಒಳ್ಳೆಯ ಕಥೆ ಇರಬೇಕು, ಮಗು ತನ್ನ ವಿಷಯವನ್ನು ತಾನೇ ಅದರಲ್ಲಿ ಇಟ್ಟುಕೊಳ್ಳಲಿಕ್ಕೆ ಒಂದು ಖಾಲಿ ಸೀಟು ಇರಬೇಕು. ಅಷ್ಟು ಸಾಕು.

ಇನ್ನೊಂದು ವಿಷಯ ಗಮನಿಸಿ. ನಾವು ದೊಡ್ಡವರು 'ಬದಲಾವಣೆ' ಅಂತ ಒಂದೇ ಶಬ್ದದಲ್ಲಿ ಹೇಳಿ ಮುಗಿಸುತ್ತೇವೆ. ಮಗುವಿಗೆ ಅದು ಒಂದು ವಿಷಯ ಆಗಿರೋದಿಲ್ಲ, ಐವತ್ತು ಸಣ್ಣ ವಿಷಯ ಆಗಿರುತ್ತದೆ. ಊಟದ ಡಬ್ಬಿ ಯಾರ ಪಕ್ಕ ಕೂತು ತೆಗೀಬೇಕು? ಶೌಚಾಲಯಕ್ಕೆ ಹೋಗಬೇಕು ಅಂತ ಇಂಗ್ಲಿಷಿನಲ್ಲಿ ಹೇಗೆ ಕೇಳಬೇಕು? ರಾತ್ರಿ ಆಯಿಯ ಸೀರೆ ಸೆರಗು ಹಿಡಿದು ಮಲಗುತ್ತಿದ್ದವಳು ಈಗ ಏನು ಹಿಡಿದು ಮಲಗಬೇಕು?

ಇದನ್ನು ನನಗೆ ಕಲಿಸಿದ್ದು ನಮ್ಮ ಗೋವಿನ ಹಾಡು. ನಾವೆಲ್ಲ ಅದನ್ನು ಸತ್ಯದ ಕಥೆ ಅಂತಲೇ ಕಲಿತದ್ದು, ಅಲ್ವಾ? ಪುಣ್ಯಕೋಟಿ ಕೊಟ್ಟ ಮಾತು ಉಳಿಸಿಕೊಂಡಿತು, ಹುಲಿ ಸೋತಿತು. ಆದರೆ ಐದಾರು ವರ್ಷದ ಮಕ್ಕಳ ಮುಂದೆ ಹಾಡಿ ನೋಡಿ, ಅವರ ಕಿವಿ ನೆಟ್ಟಗಾಗೋದು ಕರುವಿನ ಭಾಗ ಬಂದಾಗ. ತಾಯಿ ಹೊರಟು ನಿಂತಾಗ ಆ ಕರು ಧರ್ಮ ಕರ್ಮ ಏನೂ ಕೇಳೋದಿಲ್ಲ. ಯಾರ ಹಾಲು ಕುಡಿಯಲಿ, ಯಾರ ಹತ್ತಿರ ಮಲಗಲಿ, ನನಗೆ ಯಾರಿದ್ದಾರೆ ಅಂತ ಕೇಳುತ್ತದೆ. ಪುಣ್ಯಕೋಟಿಯೂ ಅಳಬೇಡ ಅಂತ ಬಾಯಿಮಾತು ಹೇಳಿ ಹೊರಡೋದಿಲ್ಲ. ಉಳಿದ ಹಸುಗಳನ್ನೆಲ್ಲ ಕರೆದು, ಇವನು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮ ಮಗು ಅಂತ ನೋಡಿಕೊಳ್ಳಿ ಅಂತ ಒಪ್ಪಿಸುತ್ತದೆ. ಮಗುವಿನ ಭಯ ಎಷ್ಟು ಸಣ್ಣ ಸಣ್ಣ ಸಂಗತಿಗಳಲ್ಲಿ ಇರುತ್ತದೆ, ಅದಕ್ಕೆ ಉತ್ತರವೂ ಅಷ್ಟೇ ಸಣ್ಣ ಸಂಗತಿಗಳಲ್ಲಿ ಇರಬೇಕು ಅನ್ನೋದು ಆ ಹಾಡು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಪುಸ್ತಕ ಆರಿಸುವಾಗ ನಾನು ಮೊದಲು ನೋಡೋದು ಇದನ್ನೇ. ಮಗು ಎಲ್ಲಿ ಮಲಗುತ್ತದೆ, ಯಾರ ಜೊತೆ ಉಣ್ಣುತ್ತದೆ ಅನ್ನೋದು ಆ ಪುಸ್ತಕದಲ್ಲಿ ಇದೆಯಾ? ಬರೀ 'ಧೈರ್ಯವಾಗಿರು' ಅಂತ ಹೇಳುವ ಪುಸ್ತಕ ಆದರೆ ನಾನು ತರೋದಿಲ್ಲ.

ಹಾಡುವಾಗ ಒಂದು ಎಚ್ಚರ. ನಿಮ್ಮ ಮಗಳು ಆಯಿಯನ್ನು ಬಿಟ್ಟು ಬಂದವಳು. ಕರುವಿನ ಭಾಗಕ್ಕೆ ಕಣ್ಣೀರು ಹಾಕಬಹುದು. ಹಾಕಲಿ. ಪಕ್ಕದಲ್ಲಿ ನೀವು ಇದ್ದೀರಲ್ಲ.

ಈಗ ಭಾಷೆಯ ಮಾತು. ನಿಮ್ಮ ಪತ್ರದಲ್ಲಿ ನೀವು ಇದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ, ನನಗೆ ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಇದೇ. ಊರು ಹೋಯಿತು, ಗೆಳತಿ ಹೋದಳು, ಅದರ ಜೊತೆಗೆ ಶಾಲೆಯಲ್ಲಿ ಅವಳ ಮಾತೂ ಹೋಯಿತು. ಸುರಪುರದಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವಳು ಇಲ್ಲಿ ಬಾಯಿ ತೆರೆಯಲಿಕ್ಕೆ ಹೆದರುತ್ತಿರಬಹುದು. ಅಂಥ ಹುಡುಗಿಗೆ ತನ್ನ ಮನಸ್ಸಿನ ವಿಷಯ ಹೇಳಲಿಕ್ಕೂ ಇಂಗ್ಲಿಷ್ ಪುಸ್ತಕವನ್ನೇ ಕೊಟ್ಟರೆ ಅದೂ ಇನ್ನೊಂದು ಹೋಮ್‌ವರ್ಕ್ ಆಗುತ್ತದೆ. ಇಂಗ್ಲಿಷ್ ಕಲಿಯಲಿ, ಬೇಕು. ಮನಸ್ಸಿನ ಮಾತಿಗೆ ಮಾತ್ರ ಮನೆಯ ಮಾತೇ ಇರಲಿ.

ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಶಬ್ದ ಇವೆ ನೋಡಿ. ಸಿಟ್ಟು ಬೇರೆ, ಮುನಿಸು ಬೇರೆ, ಸೆಡವು ಬೇರೆ. ಸಿಟ್ಟು ಬಂದು ಹೋಗುತ್ತದೆ. ಮುನಿಸು ಅಂದರೆ ನೀನೇ ಬಂದು ನನ್ನನ್ನು ಮಾತಾಡಿಸು ಅಂತ ಕಾಯೋದು. ಸೆಡವು ಒಳಗೇ ಕೂತಿರುತ್ತದೆ. ಬ್ಯಾಸರ, ಕಸಿವಿಸಿ, ಸಂಕಟ, ಹೊಟ್ಟೆಕಿಚ್ಚು, ದಿಗಿಲು, ಒಂದೊಂದೂ ಬೇರೆ ಬೇರೆ ಜಾಗದಲ್ಲಿ ಚುಚ್ಚುತ್ತದೆ. ಆಮೇಲೆ ನಮ್ಮ ಕಡೆಯ ಹಳಹಳಿ. ಕೈಬಿಟ್ಟು ಹೋದದ್ದನ್ನು ನೆನೆದು ನೆನೆದು ಜೀವ ಕೊರಗುತ್ತದಲ್ಲ, ಅದು. ನಿಮ್ಮ ಮಗಳಿಗೆ ಆಗಿರೋದು ಅದೇ ಅಂತ ನನಗೆ ಅನ್ನಿಸುತ್ತದೆ. ಅದಕ್ಕೆ ಸಿಟ್ಟಿನ ಕೆಂಪು ಮುಖ ತೋರಿಸಿದರೆ ಅವಳು ಹೇಗೆ ಗುರುತು ಹಿಡಿಯಬೇಕು? ಇನ್ನೊಮ್ಮೆ ಅವಳು ಸುಮ್ನೆ ಕಿಟಕಿ ಹತ್ತಿರ ಕೂತಿದ್ದಾಗ, 'ಆಯಿ ನೆನಪಾಗಿ ಹಳಹಳಿ ಆಗ್ಲಿಕತ್ತದೇನು?' ಅಂತ ಒಂದು ಮಾತು ಕೇಳಿ ನೋಡಿ. ಹೌದು ಅಂತ ತಲೆ ಆಡಿಸಿದರೂ ಸಾಕು. ತನಗೆ ಆಗ್ತಿರೋದಕ್ಕೆ ಒಂದು ಹೆಸರಿದೆ, ಅದು ಅವ್ವನಿಗೂ ಗೊತ್ತಿದೆ ಅನ್ನೋದು ಅವಳಿಗೆ ಸಿಕ್ಕಿತು.

ಪುಸ್ತಕದ ಕನ್ನಡವೂ ನಮ್ಮ ಮಕ್ಕಳಿಗೆ ಎಷ್ಟೋ ಸಲ ದೂರ ಆಗುತ್ತದೆ. 'ಅಜ್ಜಿಯು ಮೊಮ್ಮಗಳನ್ನು ಅಪ್ಪಿಕೊಂಡಳು' ಅಂತ ಅಚ್ಚಾಗಿದ್ದರೆ, 'ಆಯಿ ಮೊಮ್ಮಗಳನ್ನ ತೆಕ್ಕಿ ಬಡದಳು' ಅಂತ ಓದಿಬಿಡಿ. ತಪ್ಪೇನಿಲ್ಲ. ನಾನು ಹಾಗೇ ಓದೋದು. ಒಂದು ಸಲ ನಿಮ್ಮ ಮಾತಿನಲ್ಲಿ ಓದಿ, ಬೇಕಾದರೆ ಎರಡನೇ ಸಲ ಬರೆದ ಹಾಗೆ ಓದಿ.

ಸರಿ, ಹೆಸರಿಗೆ ಬರೋಣ. ನಿಮ್ಮ ಮಗಳಿಗೆ ನಾನು ಮೊದಲು ಹೇಳೋದು 'ತೊತ್ತೋಚಾನ್'. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಬಗ್ಗೆ ಬರೆದದ್ದು, 1981ರಲ್ಲಿ ಬಂತು. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ಕನ್ನಡದಲ್ಲೂ ತಂದಿದೆ. ಇದು ಚಿತ್ರಪುಸ್ತಕ ಅಲ್ಲ, ದಿನಕ್ಕೆ ಒಂದೊಂದೇ ಅಧ್ಯಾಯ ನೀವು ಓದಿ ಹೇಳಬೇಕು. ಅಧ್ಯಾಯಗಳು ಚಿಕ್ಕವು, ಮಲಗುವ ಹೊತ್ತಿಗೆ ಹೇಳಿ ಮಾಡಿಸಿದ ಹಾಗಿವೆ.

ಯಾಕೆ ಇದೇ ಅಂದರೆ, ಆ ಹುಡುಗಿಯೂ ನಿಮ್ಮ ಮಗಳ ವಯಸ್ಸಿನವಳೇ, ಅವಳದ್ದೂ ಶಾಲೆ ಬದಲಾಗುತ್ತದೆ. ಮೊದಲನೇ ಶಾಲೆಯವರು ಇವಳನ್ನು ಇಟ್ಟುಕೊಳ್ಳೋದಿಲ್ಲ ಅಂತ ಕಳಿಸಿಬಿಡುತ್ತಾರೆ. ಹೊಸ ಶಾಲೆಯಲ್ಲಿ ಹಳೆಯ ರೈಲು ಬೋಗಿಗಳೇ ಕ್ಲಾಸುಗಳು. ಕಲಬುರಗಿ ಸ್ಟೇಷನ್ ನೋಡಿದ ಮಕ್ಕಳಿಗೆ ಈ ಭಾಗ ಎಷ್ಟು ಇಷ್ಟ ಅಂದರೆ, ಬೋಗಿಯಲ್ಲಿ ಮೇಲಿನ ಬರ್ತ್ ಯಾರಿಗೆ ಅಂತ ನನ್ನ ಹತ್ತಿರ ಜಗಳ ತೆಗೆಯುತ್ತಾರೆ. ಅವಳು ಅಲ್ಲಿಗೆ ಹೋದ ಮೊದಲ ದಿನ ಹೆಡ್‌ಮಾಸ್ತರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ನಿನಗೆ ಏನೇನು ಹೇಳಬೇಕು ಅನ್ನಿಸುತ್ತದೋ ಎಲ್ಲ ಹೇಳು ಅನ್ನುತ್ತಾರೆ. ಅವಳು ಹೇಳುತ್ತಾಳೆ, ಹೇಳುತ್ತಾಳೆ, ಹೇಳಲಿಕ್ಕೆ ಏನೂ ಉಳಿಯದ ತನಕ ಹೇಳುತ್ತಾಳೆ. ಅವರು ನಾಲ್ಕು ತಾಸು ಕೇಳುತ್ತಾರೆ. ಆಕಳಿಸೋದಿಲ್ಲ, ನಡುವೆ ಬಾಯಿ ಹಾಕೋದಿಲ್ಲ. ಈ ಅಧ್ಯಾಯವನ್ನು ನಿಮಗೋಸ್ಕರವೂ ಒಂದು ಸಲ ಓದಿಕೊಳ್ಳಿ ತಂಗಿ. ನಾಲ್ಕು ತಾಸು ನಮಗೆ ಯಾರಿಗೂ ಆಗೋದಿಲ್ಲ, ಅಡಿಗೆ ಇದೆ, ಸಣ್ಣ ಮಗ ಇದ್ದಾನೆ. ಹತ್ತು ನಿಮಿಷ ಆಗುತ್ತದೆ, ಫೋನ್ ಬೇರೆ ಕೋಣೆಯಲ್ಲಿಟ್ಟು.

ಗೆಳೆತನವೂ ಇದರಲ್ಲಿ ಬಹಳ ಚೆನ್ನಾಗಿದೆ. ಪೋಲಿಯೋ ಆದ ಯಾಸುಆಕಿ ಅನ್ನುವ ಹುಡುಗನನ್ನು ಅವಳು ಯಾರಿಗೂ ಹೇಳದೆ ತನ್ನ ಮರ ಹತ್ತಿಸುತ್ತಾಳೆ. ಏಣಿ ತರೋದು, ಹಿಂದಿನಿಂದ ನೂಕೋದು, ಆಗದೆ ಇನ್ನೊಂದು ಏಣಿ ಹುಡುಕೋದು, ಬೆವರು ಸುರಿಸೋದು ಎಲ್ಲ ಇದೆ. 'ಸ್ನೇಹಿತರಿಗೆ ಸಹಾಯ ಮಾಡಬೇಕು' ಅಂತ ಒಂದು ವಾಕ್ಯವೂ ಬೇಕಾಗೋದಿಲ್ಲ. ಮುಂದೆ ಆ ಹುಡುಗ ತೀರಿಕೊಳ್ಳುತ್ತಾನೆ, 1945ರ ಬಾಂಬ್ ದಾಳಿಯಲ್ಲಿ ಆ ಶಾಲೆಯೂ ಸುಟ್ಟುಹೋಗುತ್ತದೆ. ಇವೆರಡೂ ಕೊನೆಯ ಕಡೆ ಬರುತ್ತವೆ. ನೀವು ಮೊದಲೇ ಪೂರ್ತಿ ಓದಿಕೊಳ್ಳಿ. ಅವಳು ಇನ್ನೂ ಗಟ್ಟಿಯಾಗಿಲ್ಲ ಅನ್ನಿಸಿದರೆ ಆ ಅಧ್ಯಾಯಗಳನ್ನು ಮುಂದಿನ ವರ್ಷಕ್ಕೆ ಇಡಿ. ಮುಚ್ಚಿಡೋದು ಬೇಡ, 'ಇನ್ನೂ ಸ್ವಲ್ಪ ಇದೆ, ಅದು ದುಃಖದ್ದು, ಆಮೇಲೆ ಓದೋಣ' ಅಂತ ಹೇಳಿ.

ಚಿತ್ರಪುಸ್ತಕಕ್ಕೆ ದುಡ್ಡು ಖರ್ಚು ಮಾಡೋ ಮೊದಲು ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ನೋಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ಕನ್ನಡದಲ್ಲಿ ಬೇಕಾದಷ್ಟು ಪುಸ್ತಕ ಪುಕ್ಕಟೆ ಸಿಗುತ್ತವೆ. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು, ಅದಕ್ಕೆ ಅವರ ಅನುಮತಿಯೇ ಇದೆ. ಓದುವ ಮಟ್ಟ ಅಂತ ಒಂದರಿಂದ ನಾಲ್ಕು ಇರುತ್ತದೆ. ಏಳು ವರ್ಷ ಆಯಿತು ಅಂತ ಮೂರಕ್ಕೆ ಹಾರಬೇಡಿ, ಈಗ ಅವಳಿಗೆ ಮನಸ್ಸು ಹಗುರ ಇಲ್ಲ, ಒಂದು ಮತ್ತು ಎರಡರಲ್ಲೇ ಆರಿಸಿ. ಮೊಬೈಲಿನಲ್ಲಿ ತೋರಿಸೋದಕ್ಕಿಂತ ಹತ್ತು ಪುಟ ಪ್ರಿಂಟ್ ತೆಗೆಸಿ ದಾರ ಹಾಕಿ ಕಟ್ಟಿಕೊಡಿ. ಚೆನ್ನೈನ ತೂಲಿಕಾದವರು ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕ ಮಾಡುತ್ತಾರೆ. ಶಾಲೆಯ ಭಾಷೆಗೂ ಮನೆಯ ಭಾಷೆಗೂ ನಡುವೆ ಒದ್ದಾಡುವ ಮಗುವಿಗೆ ಅಂಥದ್ದು ಅನುಕೂಲ. ಊರಿಗೆ ಹೋದಾಗ ಹತ್ತಿರದ ಗ್ರಾಮ ಪಂಚಾಯತಿಯ ಅರಿವು ಕೇಂದ್ರವನ್ನೂ, ಅಂದರೆ ಅಲ್ಲಿನ ಗ್ರಂಥಾಲಯವನ್ನೂ, ಒಮ್ಮೆ ನೋಡಿ, ಮಕ್ಕಳ ಪುಸ್ತಕ ಇರುತ್ತವೆ.

ಆರಿಸುವಾಗ ಒಂದು ಮಾತು ನೆನಪಿರಲಿ. ಮಕ್ಕಳ ಪುಸ್ತಕ ಅಂದರೆ ಮೊಲ, ಕರಡಿ, ಆನೆ ಮರಿ ಅಂತಲೇ ನಮಗೆ ಅಭ್ಯಾಸ. ಟೊರೊಂಟೊದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗ್ಗೆ ಒಂದೇ ಕಥೆಯನ್ನು ಎರಡು ಥರ ಓದಿದರು, ಕೆಲವರಿಗೆ ಪ್ರಾಣಿಗಳ ಚಿತ್ರ ಇಟ್ಟು, ಕೆಲವರಿಗೆ ಮನುಷ್ಯರ ಚಿತ್ರ ಇಟ್ಟು. ಮನುಷ್ಯರ ಕಥೆ ಕೇಳಿದ ಮಕ್ಕಳು ಆಮೇಲೆ ತಮ್ಮ ಸ್ಟಿಕ್ಕರುಗಳನ್ನು ಜಾಸ್ತಿ ಹಂಚಿಕೊಂಡರು, ಪ್ರಾಣಿಗಳ ಕಥೆ ಕೇಳಿದವರು ಹಾಗೆ ಮಾಡಲಿಲ್ಲ. ಇದು 2017ರಲ್ಲಿ ಪ್ರಕಟವಾಯಿತು. ಇದನ್ನು ಓದಿ ಪ್ರಾಣಿ ಕಥೆ ಬಿಸಾಡಬೇಡಿ, ನಾನೇ ಈಗ ತಾನೇ ಕರುವಿನ ಹಾಡು ಹೇಳಿದೆನಲ್ಲ. ದುಃಖ ಹತ್ತಿರ ಬಂದು ಸುಡುತ್ತಿರುವಾಗ ಕರುವಿನ ಕಥೆ ಒಳ್ಳೆಯದು, ಸ್ವಲ್ಪ ದೂರ ನಿಂತು ನೋಡಬಹುದು. ತಮ್ಮನ ಜೊತೆ ಹೇಗಿರಬೇಕು, ಹೊಸ ಕ್ಲಾಸಿನಲ್ಲಿ ಏನು ಮಾತಾಡಬೇಕು ಅನ್ನೋದಕ್ಕೆ ತನ್ನ ಹಾಗೇ ಎರಡು ಜಡೆ ಹಾಕಿದ, ತನ್ನ ಹಾಗೇ ಬಿಸಿಲಲ್ಲಿ ಶಾಲೆಗೆ ನಡೆದುಹೋಗುವ ಹುಡುಗಿ ಇರುವ ಪುಸ್ತಕ ಒಳ್ಳೆಯದು.

ಗೆಳತಿಯ ಬಗ್ಗೆ ನನಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು ಅನ್ನಿಸುತ್ತದೆ. ಊರು ಬದಲಾಯಿಸಿದ ಮಗುವಿನ ಕಥೆಗಳು ತುಂಬಾ ಇವೆ, ಹೆಚ್ಚಿನವು ಒಂದೇ ರೀತಿ ಮುಗಿಯುತ್ತವೆ: ಕೊನೇ ಪುಟದಲ್ಲಿ ಹೊಸ ಗೆಳತಿ ಸಿಕ್ಕಳು, ಮಗು ನಕ್ಕಿತು. ಇದು ಮಗುವಿಗೆ ಹೇಳೋದು ಏನು? ಹಳೆಯವಳ ಜಾಗಕ್ಕೆ ಹೊಸಬಳು ಬಂದರೆ ಲೆಕ್ಕ ಸರಿ ಹೋಯಿತು ಅಂತ. ನಮ್ಮ ಗೆಳತಿಯರ ಬಗ್ಗೆ ಯಾರಾದರೂ ಹಾಗಂದರೆ ನಾವು ಸುಮ್ಮನಿರುತ್ತೇವಾ? 'ಇಲ್ಲೂ ಗೆಳತಿಯರು ಸಿಗ್ತಾರೆ ಬಿಡು' ಅಂತ ಮನೆಯಲ್ಲಿ ಎಲ್ಲರೂ ಹೇಳಿರುತ್ತೀರಿ, ಪ್ರೀತಿಯಿಂದಲೇ. ಅದನ್ನು ನಿಲ್ಲಿಸಿ. ಸುರಪುರದ ಗೆಳತಿ ಈಗಲೂ ಗೆಳತಿಯೇ. ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಅವಳ ಧ್ವನಿ ಬರಲಿ, ಇವಳ ಧ್ವನಿ ಹೋಗಲಿ. ಇಬ್ಬರೂ ಒಂದೇ ಪುಸ್ತಕ ಓದಬಹುದು, ಸ್ಟೋರಿವೀವರ್‌ನಲ್ಲಿ ಅದು ಸುಲಭ. ಇಂಥ ಎರಡು ಹುಡುಗಿಯರು, ಒಬ್ಬಳು ಚಿಂಚೋಳಿಯಲ್ಲಿ, ಇನ್ನೊಬ್ಬಳು ಇಲ್ಲಿ, ಒಂದು ಕಥೆಯ ಕೊನೆಯ ಪುಟ ನೋಡದೆ ಇಬ್ಬರೂ ಬೇರೆ ಬೇರೆ ಕೊನೆ ಹೇಳಿ ಕಳಿಸುತ್ತಿದ್ದರು.

ಓದುವಾಗ ದಯವಿಟ್ಟು 'ನಿನಗೂ ಹೀಂಗೇ ಅನಸ್ತದೇನು?' ಅಂತ ಕೇಳಬೇಡಿ. ಕೇಳಿದ ಕೂಡಲೇ ಕಥೆ ಹೋಗಿ ಪರೀಕ್ಷೆ ಆಗುತ್ತದೆ. ಪುಸ್ತಕದ ಹುಡುಗಿಯ ಬಗ್ಗೆ ಕೇಳಿ: ಇವಳು ಯಾಕೆ ಬಾಗಿಲ ಹಿಂದೆ ನಿಂತಿದ್ದಾಳೆ? ಇವಳ ಕೈಯಲ್ಲಿ ಏನಿದೆ? ಉತ್ತರ ಬರದಿದ್ದರೆ ಪುಟ ತಿರುಗಿಸಿ. ಅದೇ ಪುಸ್ತಕ ಮತ್ತೆ ಮತ್ತೆ ಬೇಕು ಅಂದರೆ ಬೇಸರ ಮಾಡಿಕೊಳ್ಳಬೇಡಿ, ಅದರಲ್ಲಿ ಅವಳಿಗೆ ಏನೋ ಕೆಲಸ ನಡೆದಿದೆ. ತಮ್ಮನಿಗೆ ಹೊಡೆಯೋದನ್ನು ತಡೆಯಲೇಬೇಕು, ಕೈ ಹಿಡಿದು ನಿಲ್ಲಿಸಿ, 'ಹೊಡಿಯೋದು ಬ್ಯಾಡ' ಅಂತ ಗಟ್ಟಿಯಾಗಿ ಹೇಳಿ. ಆದರೆ ಅವತ್ತು ರಾತ್ರಿ ತಮ್ಮನಿಗೆ ಹೊಡೆದ ಹುಡುಗಿಯ ಕಥೆ ಓದಬೇಡಿ. ಶಿಕ್ಷೆಯ ಕೆಲಸ ಪುಸ್ತಕಕ್ಕೆ ಒಮ್ಮೆ ಕೊಟ್ಟರೆ ಆಮೇಲೆ ಅವಳು ಯಾವ ಪುಸ್ತಕವನ್ನೂ ನಂಬೋದಿಲ್ಲ. ಸಾಧ್ಯ ಆದರೆ ದಿನಕ್ಕೆ ಸ್ವಲ್ಪ ಹೊತ್ತು ತಮ್ಮ ಇಲ್ಲದೆ ಅವಳೊಬ್ಬಳಿಗೇ ಓದಿ. ಅವನಿಗೆ ಇಡೀ ದಿನ ನೀವು ಸಿಗುತ್ತೀರಿ, ಇವಳು ಶಾಲೆಯಲ್ಲಿ ಇರುತ್ತಾಳೆ. ಅವಳ ಲೆಕ್ಕ ಅದು.

ಪುಸ್ತಕದಿಂದ ಆಗದ ಕೆಲಸವೂ ಇದೆ. ಊಟ ನಿದ್ದೆ ಕೆಟ್ಟು ವಾರಗಟ್ಟಲೆ ಸರಿ ಹೋಗದಿದ್ದರೆ, ಹಾಸಿಗೆ ಒದ್ದೆ ಮಾಡಲಿಕ್ಕೆ ಮತ್ತೆ ಶುರು ಮಾಡಿ ನಿಲ್ಲದಿದ್ದರೆ, ಮನೆಯಲ್ಲೂ ಮಾತು ಪೂರ್ತಿ ನಿಂತರೆ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತಾಡಿದರೆ ಕಾಯಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಶಾಲೆಯಲ್ಲಿ ಯಾರಾದರೂ ಅವಳ ಮಾತಿನ ಬಗ್ಗೆ ಆಡಿಕೊಳ್ಳುತ್ತಿದ್ದಾರಾ ಅನ್ನೋದನ್ನೂ ಕ್ಲಾಸ್ ಟೀಚರ್ ಹತ್ತಿರ ಹೋಗಿ ವಿಚಾರಿಸಿ. ಅಲ್ಲಿ ತೊಂದರೆ ಇದ್ದರೆ ಮನೆಯಲ್ಲಿ ಎಷ್ಟು ಓದಿದರೂ ನಡೆಯೋದಿಲ್ಲ.

ಕೊನೆಗೆ ಒಂದು ಪುಸ್ತಕ ಹೇಳುತ್ತೇನೆ, ಅದು ಅಂಗಡಿಯಲ್ಲಿ ಇಲ್ಲ. ನೀವಿಬ್ಬರೂ ಸೇರಿ ಮಾಡಬೇಕು. ಹನ್ನೆರಡು ಹಾಳೆ, ಒಂದು ದಾರ, ಕ್ರೇಯಾನ್. ಸುರಪುರದಿಂದ ಕಲಬುರಗಿಗೆ ಬಂದ ದಾರಿಯ ಪುಸ್ತಕ. ಮೊದಲ ಪುಟ ಆಯಿಯ ಮನೆಯ ಬಾಗಿಲು, ಅದರ ಬಣ್ಣ ಅವಳೇ ಹೇಳಲಿ. ಆಮೇಲೆ ಶಹಾಪುರದ ಬೆಟ್ಟ, ಬುದ್ಧ ಮಲಗಿದ ಹಾಗೆ ಕಾಣುತ್ತದಲ್ಲ, ಮಕ್ಕಳು ಅದನ್ನು ಬಹಳ ಚೆನ್ನಾಗಿ ಬಿಡಿಸುತ್ತಾರೆ, ಮೂಗು ಮಾತ್ರ ಉದ್ದ ಮಾಡುತ್ತಾರೆ. ಆಮೇಲೆ ಜೇವರ್ಗಿ. ಕಟ್ಟಿಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ. ಆಮೇಲೆ ಇಲ್ಲಿನ ಮನೆ, ಇಲ್ಲಿನ ಶಾಲೆಯ ಗೇಟು. ಹಿಂದಿನ ಪುಟದಿಂದ ತಿರುಗಿಸಿದರೆ ಅದೇ ಪುಸ್ತಕ ಊರಿಗೆ ಹೋಗುವ ದಾರಿ ಆಗುತ್ತದೆ. ಇದನ್ನು ನೀವು ಹೇಳಬೇಡಿ, ಅವಳಿಗೇ ಹೊಳೆಯಲಿ.

ಇಲ್ಲಿನ ಶಾಲೆಯ ಪುಟವನ್ನು ಅವಳು ಖಾಲಿ ಬಿಟ್ಟರೆ ಬಿಡಲಿ. ಕಪ್ಪು ಬಣ್ಣ ತುಂಬಿದರೆ ಅದೂ ಇರಲಿ. ಒಬ್ಬ ಹುಡುಗಿ ಆ ಪುಟಕ್ಕೆ ಮೂರು ತಿಂಗಳು ಏನೂ ಬರೆದಿರಲಿಲ್ಲ, ಒಂದು ದಿನ ಅಲ್ಲೊಂದು ನಲ್ಲಿ ಬರೆದಳು, ನಲ್ಲಿಯ ಪಕ್ಕ ಎರಡು ಜೊತೆ ಚಪ್ಪಲಿ. ಎರಡನೆಯದು ಯಾರದ್ದು ಅಂತ ನಾನು ಕೇಳಲಿಲ್ಲ.

ನೀವು ಬಂದ ದಿನದ ಬಸ್ ಟಿಕೆಟ್ ಇದ್ದರೆ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಆದರೂ ಸರಿ, ಮೊದಲ ಪುಟಕ್ಕೆ ಅಂಟಿಸಿ. ಇಲ್ಲದಿದ್ದರೆ ದಸರಾ ರಜೆಗೆ ಹೋದಾಗಿನದು ಎತ್ತಿಡಿ. ಆ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತವೆ, ಹಾಗಾಗಿ ಊರಿನ ಹೆಸರು, ತಾರೀಕು ಎರಡನ್ನೂ ಪಕ್ಕದಲ್ಲಿ ಪೆನ್ನಿನಿಂದ ಬರೆದಿಡಿ. ಅವಳ ಕೈಯಿಂದಲೇ ಬರೆಸಿ, ಕನ್ನಡದಲ್ಲಿ.